ತುಂಬಿದ ಗಾಡಿಯ ಸಪ್ಪಳ

ಪ್ರೀತಿಯ ದಾದಾ,

ನೀನು ಹೋದ ಮೇಲೆ ನಿನ್ನ ಪಿಕಪ್ಪಿನ ಕೀಲಿ ನನ್ನ ಕೈಗೆ ಬಂತು. ಕಬ್ಬಿಗೆ ನೀರು ಕಟ್ಟುತ್ತಿದ್ದವನು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತೆಯಂತೆ, ಮತ್ತೆ ಏಳಲೇ ಇಲ್ಲವಂತೆ. ಅದನ್ನೇ ನಾವಿನ್ನೂ ನಂಬಿರಲಿಲ್ಲ. ಆದರೂ ಹಾಲು ಕಾಯುವುದಿಲ್ಲವಲ್ಲ? ಕ್ಯಾನು ತುಂಬಿಕೊಂಡು ಸದಲಗಾದಿಂದ ನಿಪ್ಪಾಣಿಗೆ ಹೋಗುವ ನಿನ್ನ ಕೆಲಸ ನನ್ನದಾಯಿತು.

ಬೇಡಕಿಹಾಳದ ಹತ್ತಿರ ರಸ್ತೆ ಕಿತ್ತುಹೋದ ಕಡೆ ಮೊದಲ ಸಲ ಆ ಸಪ್ಪಳ ಕೇಳಿದೆ. ಯಾರೋ ಹಲ್ಲು ಕಡಿದ ಹಾಗೆ, ಕಟಕ್ ಎಂದು. ಕ್ಯಾನಿನ ಸಪ್ಪಳ ಬೇರೆ, ಅದು ನಿನಗೆ ಗೊತ್ತು. ಇದು ಹಿಂದುಗಡೆ, ತಳದಿಂದ ಬರುತ್ತಿತ್ತು. ಇಳಿದು ಬಗ್ಗಿ ನೋಡಿದರೆ ಕೆಸರು ಮೆತ್ತಿದ ಕಬ್ಬಿಣ ಬಿಟ್ಟು ಬೇರೇನೂ ಕಾಣಲಿಲ್ಲ. ಹಾಲು ಇಳಿಸಿ ತಿರುಗಿ ಬರುವಾಗ ಅದೇ ತಗ್ಗಿನಲ್ಲಿ ಗಾಡಿ ತುಟಿಪಿಟಕ್ ಅನ್ನಲಿಲ್ಲ.

ನಿಪ್ಪಾಣಿಯಲ್ಲಿ ನಿನ್ನ ಗಾಡಿ ನೋಡುತ್ತಿದ್ದ ಬಾಬು ಮಿಸ್ತ್ರಿಯ ಹತ್ತಿರ ಒಯ್ದೆ. ಅವನು ಹಿಂದಿನ ಸ್ಪ್ರಿಂಗ್ ಪಾಟಾದ ಬುಷ್ ಬದಲಿಸಿದ. ಸೈಲೆನ್ಸರ್ ಬಿಗಿದ. ಪೇಟೆಯಲ್ಲಿ ಒಂದು ಸುತ್ತು ಹೊಡೆದು ಬಂದು, "ಬಾಯಿ ಮುಚ್ಚೈತಿ ನೋಡ್ರಿ. ಏನೂ ಇಲ್ಲ, ಹೋಗ್ರಿ" ಎಂದು ಬೆನ್ನು ತಟ್ಟಿ ಕಳಿಸಿದ. ಮರುದಿನ ಹಾಲು ತುಂಬಿದೊಡನೆ ಮತ್ತೆ ಕಟಕ್. ಅವ್ವ ಅದನ್ನು ಕೇಳಿ, "ಆ ಗಾಡಿ ಅವನ್ನ ನೆನಸಿ ಅಳಾಕತ್ತೈತಿ. ಮಾರಿ ಬಿಡ್ರಿ ಅದನ್ನ" ಅಂದಳು.

ನೀನೇ ಗೊತ್ತುಮಾಡಿ ಹೋಗಿದ್ದ ಕಾಕಾನ ಮಗಳ ಮದುವೆ ನೆನಪಿದೆಯಲ್ಲ? ರಾಯಬಾಗಕ್ಕೆ ಮನೆಯ ಹೆಂಗಸರು, ಮಕ್ಕಳೆಲ್ಲ ನಮ್ಮ ಪಿಕಪ್ಪಿನಲ್ಲೇ ಹೋಗುವುದೆಂದು ನಿಶ್ಚಯವಾಗಿತ್ತು. ಹಿಂದಿನ ದಿನ ನಾನು ಗಾಡಿ ತೊಳೆಯುತ್ತಿದ್ದೆ. ವೈನಿ ಬಂದು ನಿಂತರು. ನೀನು ಹೋದ ಮೇಲೆ ನಿನ್ನ ಹೆಂಡತಿ ಹೊರಗೆ ಬಂದು ಮಾತಾಡಿದ್ದೇ ಕಡಿಮೆ.

"ಭಾವೂಜಿ, ಆ ಸಪ್ಪಳ ಹೋತೇನ್ರಿ?"

"ಏನೂ ಇಲ್ಲಂತ ಮಿಸ್ತ್ರಿ ಹೇಳ್ಯಾನ್ರಿ ವೈನಿ."

"ಮಿಸ್ತ್ರಿ ಖಾಲಿ ಗಾಡಿ ನೋಡ್ಯಾನ. ನಾಳೆ ನಾವು ಖಾಲಿ ಹೊಂಟೇವೇನ್ರಿ?"

ವೈನಿ ಕ್ಯಾನುಗಳಿಗೆಲ್ಲ ನೀರು ತುಂಬಿಸಿದರು, ಹಿಂದೆ ಹತ್ತಿದರು, ಸೆರಗು ಬಿಗಿದು ಕ್ಯಾನುಗಳ ನಡುವೆ ತಗಡಿಗೆ ಕಿವಿ, ಅಂಗೈ ಹಚ್ಚಿ ಮಲಗಿಬಿಟ್ಟರು! ಓಣಿಯ ಜನ ನೋಡುತ್ತ ನಿಂತಿತು. ನಾನು ನಡೆದಷ್ಟೇ ನಿಧಾನ ಗಾಡಿ ಬಿಟ್ಟೆ. ಊರ ಹೊರಗಿನ ತಗ್ಗಿಗೆ ಇಳಿದಾಗ ಕಟಕ್ ಅಂತು, ಹಿಂದಿನಿಂದ ವೈನಿ ಕೂಗಿದರು: "ನಿಲ್ಲಸ್ರಿ! ಎಡಕ, ಗಾಲಿ ಮುಂದ! ಅಂಗೈಗೆ ಬಡಿತೈತಿ!"

ಗಾಡಿಯನ್ನು ಅಲ್ಲೇ ಬಿಟ್ಟು ಫಟಫಟಿ ಮೇಲೆ ಬಾಬು ಮಿಸ್ತ್ರಿಯನ್ನು ಕರೆತಂದೆ. ಅವನು ಅಡಿಗೆ ತೂರಿ, ವೈನಿ ತೋರಿಸಿದ ಕಡೆ ಕೆಸರು ಕೆರೆದ. ಕೆರೆಯುವ ಸದ್ದು ಒಮ್ಮೆಲೇ ನಿಂತಿತು. "ಇಲ್ಲಿ ಬರ್ರಿ" ಅಂದ. ನಾನೂ ತೂರಿದೆ. ಇಡೀ ಗಾಡಿಯ ಭಾರ ಹೊರುವ ಎಡಗಡೆಯ ಉದ್ದನೆಯ ಕಬ್ಬಿಣ, ದಾದಾ, ಮೇಲಿನಿಂದ ಸೀಳಿಕೊಂಡು ಬಂದಿತ್ತು. ಬೆರಳಗಲ ಮಾತ್ರ ಹಿಡಿದುಕೊಂಡಿತ್ತು. ಭಾರ ಬಿದ್ದಾಗ ಅದು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನಾವು ಕೇಳುತ್ತಿದ್ದುದು ಅದನ್ನು.

ಹೊರಗೆ ಬಂದವನು ಹಾಗೇ ಮಣ್ಣಿನ ಮೇಲೆ ಕೂತೆ. ಮರುದಿನ ಆ ಎಡಗಡೆಯೇ ಅವ್ವ ಕೂರುವವಳಿದ್ದಳು. ಅವಳ ತೊಡೆಯ ಮೇಲೆ ನಿನ್ನ ಮಗಳು... ಮುಂದೆ ಯೋಚಿಸಲಾಗಲಿಲ್ಲ. "ನಾನ ಹೋಗ್ರಿ ಅಂದಿದ್ನೆಲ್ರಿ" ಎಂದು ಮಿಸ್ತ್ರಿ ಅನ್ನುತ್ತಲೇ ಇದ್ದ. ಆಮೇಲೆ ಅವನು ಇನ್ನೊಂದು ಮಾತು ಹೇಳಿದ. "ಕೆಳಗಿನ ಸೀಳು ಹೊಳಿತೈತಿ, ಅದು ಹೊಸಾದು. ಮ್ಯಾಲಿಂದು ತುಕ್ಕ ಹಿಡದೈತ್ರಿ. ಅದು ಅಣ್ಣಾರ ಕಾಲದ್ದ."

ದ್ರಾಕ್ಷಿ ಸುಗ್ಗಿಯಲ್ಲಿ ನಮ್ಮನ್ನೆಲ್ಲ ಅಥಣಿಗೆ ಕರೆದೊಯ್ದಿದ್ದೆಯಲ್ಲ, ಮಕ್ಕಳು ಹಿಂದೆ ನಿಂತು ಕುಣಿಯುತ್ತಿದ್ದರಲ್ಲ, ಆಗಲೂ ಅದು ಸೀಳಿತ್ತೇ? ನಿನಗೆ ಆ ಸಪ್ಪಳ ಕೇಳಿತ್ತೇ? ಕೇಳಿಯೂ ಹಳೆಯ ಗಾಡಿ ಎಂದು ಸುಮ್ಮನಾದೆಯೋ, ಅಥವಾ... ವೈನಿಯೂ ಅದನ್ನೇ ಯೋಚಿಸುತ್ತಿದ್ದರೇನೋ. ಗಾಡಿಗೆ ಕೈಯೂರಿ ನಿಂತು, "ಗೊತ್ತಿದ್ರ ನಮ್ಮನ್ನ ಕುಂದ್ರಸ್ತಿರಲಿಲ್ಲ ಅವರು" ಅಂದರು. ನಾನು ಆ ಮಾತನ್ನೇ ಹಿಡಿದುಕೊಂಡಿದ್ದೇನೆ.

ಮದುವೆಗೆ ಬಸ್ಸಿನಲ್ಲಿ ಹೋದೆವು. ಮದುವೆ ಚೆನ್ನಾಗಿ ಆಯಿತು, ದಾದಾ. ಮಿಸ್ತ್ರಿ ಸೀಳಿದ ಜಾಗಕ್ಕೆ ಎರಡೂ ಕಡೆ ದಪ್ಪ ಪಟ್ಟಿ ಕೂಡಿಸಿ, ತುಂಬಿದ ಗಾಡಿಯನ್ನು ತಾನೇ ಓಡಿಸಿ ನೋಡಿ, ಮನೆಗೆ ತಂದು ಬಿಟ್ಟ. ಆದರೆ ನನಗೆ ಕೀಲಿ ತಿರುವುವ ಧೈರ್ಯ ಬರಲಿಲ್ಲ. ಸೀಟಿನಲ್ಲಿ ಕೂತು ಮತ್ತೆ ಇಳಿದುಬಿಡುತ್ತಿದ್ದೆ. ಒಂದು ಮುಂಜಾನೆ ವೈನಿ ಬಂದು ಕೈ ಚಾಚಿದರು. "ಕೀಲಿ ಕೊಡ್ರಿ, ಭಾವೂಜಿ." ಕೊಟ್ಟೆ. ಹತ್ತಿ ಕೂತರು, ಚಾಲೂ ಮಾಡಿದರು, ಬಾವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆದು ನೆಟ್ಟಗೆ ಓಣಿಗೆ ಇಳಿಸಿದರು! ಅವ್ವನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು.

"ಯಾರ ಕಲಿಸಿದ್ರಿ ವೈನಿ?"

"ನಿಮ್ಮಣ್ಣ. ಹೊಳಿ ದಂಡಿ ಮ್ಯಾಲ."

"ನಮಗೊಂದ ಮಾತ ಹೇಳಲಿಲ್ಲಲ್ರಿ!"

"ನಿಮಗೆಲ್ಲಾ ಹೇಳಿದ್ರ ನಾ ಕಲೀತಿದ್ನೇನ್ರಿ?"

ನೀನೆಂಥವನೋ ದಾದಾ! ಒಂದೇ ಮನೆಯಲ್ಲಿ ಉಂಡು ಮಲಗಿದ ನನಗೆ ಇದರ ಸುಳಿವೂ ಕೊಡಲಿಲ್ಲವಲ್ಲ?

ಈಗ ವೈನಿಯ ಕೈಗೆ ಲೈಸೆನ್ಸೂ ಬಂದಿದೆ. ಹಾಲು ಅವರೇ ಒಯ್ಯುತ್ತಾರೆ, ನಾನು ಹೊಲ ನೋಡುತ್ತೇನೆ. ನಿನ್ನೆ ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದು ಮುಂದಿನ ಸೀಟಿನಲ್ಲಿ ಕೂತು ನಿಪ್ಪಾಣಿಗೆ ಹೋಗಿಬಂದಳು. ಹೇಗಿತ್ತು ಎಂದು ಕೇಳಿದೆ. ನಿನ್ನ ಫೋಟೋದ ಕಡೆ ಒಮ್ಮೆ ನೋಡಿ, ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದಳು.

"ನಿಮ್ಮಣ್ಣನಕಿಂತ ಛಲೋ ಹೊಡಿತಾಳ. ಅವಗ ಹೇಳಬ್ಯಾಡ."

ಹೇಳಿಬಿಟ್ಟೆ, ದಾದಾ.

ನಿನ್ನ ತಮ್ಮ