ಬಿಷಪ್‌ಗಳು ಗೇಟು ತಲುಪದ ದಿನ

ಐನ್ ಲೂಝ್
ಶುಕ್ರವಾರ, ಅಕ್ಟೋಬರ್ ೨೪

ಪೂಜ್ಯ ಪಾದ್ರಿಗಳಾದ ಅಬೂನಾ ಫುವಾದ್ ಅವರಿಗೆ, ಅಂದರೆ ನನ್ನ ತಮ್ಮನಿಗೆ,

ಕಳೆದ ಮಂಗಳವಾರ ನಮ್ಮ ಅಪ್ಪನ ಆಲಿವ್ ತೋಟಕ್ಕೆ ಅನ್ಯಾಯವಾಯಿತು. ನಿಮ್ಮ ಜೊತೆ ನಿಲ್ಲುತ್ತೇವೆಂದು ನಾಲ್ಕು ದೇಶಗಳ ಬಿಷಪ್‌ಗಳು ಸಮುದ್ರ ದಾಟಿ ಬಂದರು. ಅವರನ್ನು ಹೊತ್ತಿಗೆ ಸರಿಯಾಗಿ ತೋಟದ ಗೇಟಿಗೆ ಮುಟ್ಟಿಸಲು ನಮ್ಮ ಊರಿಗೆ ಆಗಲಿಲ್ಲ. ಎದುರು ಮನೆಯಲ್ಲೇ ಇದ್ದುಕೊಂಡು ಕಾಗದ ಏಕೆ ಎಂದು ಕೇಳಬೇಡ. ಅಲ್ಲಿಗೆ ಬಂದರೆ ನಿನ್ನ ಹೆಂಡತಿ ತಟ್ಟೆ ಇಡುತ್ತಾಳೆ. ಬಾಯಲ್ಲಿ ತುತ್ತಿಟ್ಟುಕೊಂಡು ಜಗಳವಾಡುವುದು ನನಗೆ ಬರುವುದಿಲ್ಲ.

ಊರಿಗೂ ತೋಟಕ್ಕೂ ನಡುವೆ ಬೇಲಿ ಎಳೆದು ಗೇಟು ಹಾಕಿದ ಸೈನ್ಯದವರ ತಪ್ಪನ್ನು ಮರೆತೆನೆಂದುಕೊಳ್ಳಬೇಡ. ಈ ಊರಿಗೆ ಚರಿತ್ರೆ ಕಲಿಸಿದವಳು ನಾನು. ಅಪ್ಪ ನೆಟ್ಟ ಮರದ ಬಳಿ ಹೋಗಲು ಗುರುತಿಲ್ಲದ ಸೈನಿಕನ ಅಪ್ಪಣೆ ಬೇಕೆನ್ನುವುದೇ ಮೊದಲ ಅನ್ಯಾಯ. ಹೋದ ವರ್ಷ ಗೇಟು ತೆರೆಯಲೇ ಇಲ್ಲ. ಅದರ ಹಿಂದಿನ ವರ್ಷ ಗುಡ್ಡದ ಮೇಲಿನ ವಸಾಹತಿನವರು ಕಲ್ಲು ಹೊಡೆದು ಓಡಿಸಿದರು. ಮೂರು ವರ್ಷ ಯಾರೂ ಕೈಹಾಕದ ನೆಲ ಸರ್ಕಾರದ್ದೆನ್ನುವ ತುರ್ಕರ ಕಾಲದ ಕಾನೂನನ್ನು, ತುರ್ಕರು ಹೋಗಿ ನೂರು ವರ್ಷವಾದರೂ, ನಮಗೆಂದೇ ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡಿಟ್ಟಿದ್ದಾರೆ. ಇದು ಮೂರನೆಯ ವರ್ಷ. ಅದಕ್ಕೇ ತಾನೇ ನೀನು ಬಿಷಪ್‌ಗಳನ್ನು ಕರೆಸಿದ್ದು? ನೇರಳೆ ನಿಲುವಂಗಿಯವರು ಮುಂದೆ ನಡೆದರೆ ಕಲ್ಲೆತ್ತುವ ಕೈ ಸ್ವಲ್ಪ ಯೋಚಿಸುತ್ತದೆ ಎಂದಿದ್ದೆ. ಬಹಳ ದಿನಗಳ ಮೇಲೆ ನಿನ್ನ ಬಾಯಿಂದ ಬಂದ ಒಳ್ಳೆಯ ಮಾತು ಅದು.

ಮಂಗಳವಾರ ಗೇಟು ತೆರೆದಿದ್ದದ್ದು ಮಧ್ಯಾಹ್ನ ಎರಡರವರೆಗೆ. ಬಿಷಪ್‌ಗಳ ಬಸ್ಸು ಬೆಳಗ್ಗೆಯೇ ಊರಿಗೆ ಬಂತು. ಅಲ್ಲಿಂದ ಗೇಟಿಗೆ ನನ್ನಂಥ ಮುದುಕಿಯೂ ಕಾಲು ಗಂಟೆಯಲ್ಲಿ ನಡೆಯುತ್ತಾಳೆ. ಏಣಿ, ಹಾಸುಬಟ್ಟೆ ಹೊತ್ತು ನಾವು ಸಿದ್ಧವಾಗಿ ನಿಂತಿದ್ದೆವು. ಆಗ ನಮ್ಮ ಊರ ಅಧ್ಯಕ್ಷ ಅಬು ವದೀ ಬಸ್ಸಿನ ಬಾಗಿಲಿಗೇ ಅಡ್ಡ ನಿಂತ.

"ಬರೀ ಒಂದು ಕಾಫಿ. ಐದೇ ನಿಮಿಷ. ನನ್ನ ಬಾಗಿಲು ದಾಟಿ ಹಾಗೇ ಹೋದ್ರೆ ನಾನು ಊರಲ್ಲಿ ಮುಖ ಹೇಗೆ ತೋರಿಸ್ಲಿ?"

"ನಿನ್ನ ಮುಖ ಊರು ನೋಡಿದೆ ಬಿಡಪ್ಪ, ಹೊಸದೇನಿಲ್ಲ. ದಾರಿ ಬಿಡು," ಎಂದೆ.

ನೀನು ನನ್ನ ತೋಳು ಹಿಡಿದು, "ಅಕ್ಕಾ, ಬಂದವರ ಮುಂದೆ ಬೇಡ," ಎಂದು ಪಿಸುಗುಟ್ಟಿದೆ. ಅಲ್ಲಿಗೆ ಕೆಟ್ಟಿತು. ಅಬು ವದೀಯ ಹೊಸಿಲು ದಾಟುವುದರೊಳಗೆ ಮೇಲಿನ ಓಣಿಯ ಉಮ್ ರಾಜಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಅವನ ಮನೆ ಕಾಫಿ ಇಳೀತು, ನಮ್ಮನೇದು ಗಂಟಲಲ್ಲಿ ಸಿಕ್ಕುತ್ತೇನ್ರೀ?" ಅವಳ ಮನೆಗೆ ಹೋದಮೇಲೆ ಅವಳ ಭಾವನ ಮನೆ ಬಿಡುವ ಹಾಗಿಲ್ಲ. ಭಾವನ ಮನೆಗೆ ಹೋದಮೇಲೆ, ಆ ಭಾವನ ಜೊತೆ ಮಾತುಬಿಟ್ಟ ಪಕ್ಕದವರ ಮನೆಗೆ ಹೋಗದಿದ್ದರೆ ರಕ್ತಪಾತ.

ಸಾಕಾದರೆ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಹಿಂದಕ್ಕೆ ಕೊಡಬೇಕು, ಸುಮ್ಮನೆ ಕೊಟ್ಟರೆ ಮತ್ತೆ ತುಂಬುತ್ತಾರೆ. ನಮ್ಮಲ್ಲಿ ಹಲ್ಲು ಬರದ ಕೂಸಿಗೂ ಇದು ಗೊತ್ತು. ನಾರ್ವೆಯಿಂದ ಬಂದ ಬಿಷಪ್ ಹಾಲ್ವರ್ ಅವರಿಗೆ ಹೇಗೆ ಗೊತ್ತಾಗಬೇಕು? ಪಾಪ, ಖಾಲಿ ಮಾಡಿ ಕೊಟ್ಟರು, ತುಂಬಿದರು, ಕೊಟ್ಟರು, ತುಂಬಿದರು. ಸಾಕೆನ್ನುವುದನ್ನು ಅತಿಥಿಗೆ ಹೇಳಿಕೊಡುವುದು ಮನೆಯವರಿಗೆ ಅವಮಾನ, ಆದ್ದರಿಂದ ಒಬ್ಬರೂ ಬಾಯಿಬಿಡಲಿಲ್ಲ. ಕೊನೆಗೆ ಅವರೇ ನನ್ನ ಕಡೆ ಬಾಗಿ, "ತಾಯೀ, ಇದು ಮುಗಿಯೋದು ಯಾವಾಗ?" ಎಂದರು.

"ನೀವು ಬಟ್ಟಲು ಅಲ್ಲಾಡಿಸಿದಾಗ," ಎಂದೆ. ಅಷ್ಟು ಹೊತ್ತಿಗೆ ಅವರ ಕೈ ತಾನಾಗಿಯೇ ಅಲ್ಲಾಡುತ್ತಿತ್ತು.

ಇನ್ನೊಬ್ಬ ಬಿಷಪ್ಪರು ಉಮ್ ರಾಜಿಯನ್ನು, ನಿಮ್ಮ ಮನೆತನ ಕ್ರೈಸ್ತರಾದದ್ದು ಯಾವಾಗ ಎಂದು ಕೇಳಿದರಲ್ಲ, ಅವಳು ಬಿಟ್ಟಾಳೆಯೇ? "ನಿಮಗೆ ಸುದ್ದಿ ಮುಟ್ಟಿಸಿದ್ದೇ ನಾವಲ್ವಾ ಸ್ವಾಮಿ? ಮರೆತುಬಿಟ್ರಾ? ತಗೊಳಿ, ಇನ್ನೊಂದು ಬಟ್ಟಲು ಕುಡೀರಿ, ನೆನಪಾಗುತ್ತೆ."

ಆಮೇಲೆ ನಿನ್ನ ಮನೆಯ ಊಟ. ನಿನ್ನ ಹೆಂಡತಿ ಕೋಳಿ ಅನ್ನದ ಪಾತ್ರೆಯನ್ನು ತಟ್ಟೆಗೆ ಬೋರಲು ಹಾಕಿ, ಪಾತ್ರೆ ಎತ್ತುವ ಮುಂಚೆ ಎಲ್ಲರ ಮುಖ ನೋಡಿದಳು. ಆ ಹೊತ್ತಿನಲ್ಲೇ ಎದ್ದು ನೀನು ಭಾಷಣ ಶುರುಮಾಡಿದೆ. ಬೆತ್ಲೆಹೇಮಿನ ಗೋದಲಿಯಿಂದ ಹೊರಟು ಶಿಲುಬೆಯ ಯುದ್ಧಗಳನ್ನು ಮುಟ್ಟುವಷ್ಟರಲ್ಲಿ ಅನ್ನ ಆರಿತ್ತು. ಚರಿತ್ರೆಯ ಟೀಚರು ನಾನೋ ನೀನೋ? ಗಡಿಯಾರ ತೋರಿಸಿದರೆ, ದೂರದಲ್ಲಿದ್ದವರಿಗೆ ಹರಸುವ ಹಾಗೆ ನನಗೆ ಕೈ ಎತ್ತಿದೆ.

ಫುವಾದ್, ನನ್ನ ನೆನಪು ಎಂಥದೆಂದು ನಿನಗೆ ಗೊತ್ತು. ನಮ್ಮವರು ಮೊದಲ ಸಲ ದಂಗೆ ಎದ್ದ ವರ್ಷ ಬಂದ ವಿದೇಶಿ ನಿಯೋಗ ಅಬು ವದೀಯ ಅಪ್ಪನ ಮಾಳಿಗೆ ಬಿಟ್ಟು ಇಳಿಯಲಿಲ್ಲ; ಅಲ್ಲಿಂದಲೇ ಕಣಿವೆ ನೋಡಿ ಕಣ್ಣೊರೆಸಿಕೊಂಡಿತು. ಬೇಲಿ ಬಂದ ವರ್ಷದವರು ಶಾಲೆಯ ಅಂಗಳದಲ್ಲಿ ಸಸಿ ನೆಟ್ಟರು, ಅದನ್ನು ನಿನ್ನದೇ ಮೇಕೆ ತಿಂದಿತು. ಬಂದವರೆಲ್ಲ ಎಂಥ ಉಪಚಾರ, ಎಂಥ ಜನ ಎಂದು ಬಾಯಿತುಂಬ ಹೊಗಳಿ ಹೋದರು. ಬೇಲಿ ಮಾತ್ರ ಪ್ರತಿ ಸಲವೂ ಸ್ವಲ್ಪ ಕೆಳಗಿಳಿದು ಬಂತು.

ನಾವು ಗೇಟು ಮುಟ್ಟಿದಾಗ ಸೈನಿಕ ಬೀಗ ಹಾಕಿ ಕೀಲಿ ತೆಗೆಯುತ್ತಿದ್ದ. "ಇನ್ನು ಸೋಮವಾರ. ಆಮೇಲೆ ಈ ವರ್ಷ ಇಲ್ಲ," ಎಂದ. ಕಂಬಿಯ ಆಚೆ ಮರಗಳು ಕಾಯಿಯ ಭಾರಕ್ಕೆ ಬಾಗಿದ್ದವು. ಬಿಷಪ್‌ಗಳು ನಮ್ಮ ಖಾಲಿ ಏಣಿ ಹಿಡಿದು ಫೋಟೋ ತೆಗೆಸಿಕೊಂಡರು. ಕುಡಿದ ಕಾಫಿಗೆ ಹಾಲ್ವರ್ ಅವರ ಎದೆ ಡೋಲಿನಂತೆ ಬಡಿದುಕೊಳ್ಳುತ್ತಿತ್ತು. ಅವರನ್ನು ಕಾರಿನಲ್ಲಿ ಜೆರುಸಲೇಮಿನ ಆಸ್ಪತ್ರೆಗೆ ಕಳಿಸಿದಿರಿ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಇವತ್ತು ಚರ್ಚಿನ ಬಾಗಿಲಿಗೆ ನೀನು ಅಂಟಿಸಿದ ಪ್ರಕಟಣೆ ಓದಿದೆ: "ಪೂಜ್ಯ ಬಿಷಪ್ಪರು ಆಲಿವ್ ಕೊಯ್ಲಿನಲ್ಲಿ ಪಾಲ್ಗೊಂಡರು." ಯಾವ ಕೊಯ್ಲು? ಯಾವ ಮರ? ಗೇಟಿಗೆ ಬೀಗ ಹಾಕಿದವನು ಸೈನಿಕ, ನಿಜ. ಆದರೆ ಅದು ತೆರೆದಿದ್ದಷ್ಟು ಹೊತ್ತು ನಮ್ಮನ್ನು ಕಟ್ಟಿಹಾಕಿದ್ದು ನಮ್ಮ ಕಾಫಿ. ನಮ್ಮ ಮೇಲೆ ಸುಳ್ಳು ಹೇಳುವವರು ಬೇಕಾದಷ್ಟಿದ್ದಾರೆ, ಅವರಿಗೆ ನೀನು ಯಾಕೆ ಕೈಜೋಡಿಸಬೇಕು?

ಆದ್ದರಿಂದ ಕೇಳುತ್ತೇನೆ, ಅಕ್ಕನಾಗಿ ಅಲ್ಲ, ಈ ಚರ್ಚಿನ ಸಭೆಯ ಒಬ್ಬಳಾಗಿ. ಭಾನುವಾರ ಪೂಜೆ ಮುಗಿದ ಮೇಲೆ, ಜನ ಎದ್ದುಹೋಗುವ ಮುಂಚೆ, ಮೇಲಿನ, ಕೆಳಗಿನ ಎರಡೂ ಓಣಿಯವರ ಮುಂದೆ ನಿಂತು ಉತ್ತರ ಕೊಡು: ಮಂಗಳವಾರ ನಾವು ತೋಟಕ್ಕೆ ಯಾಕೆ ಹೋಗಲಿಲ್ಲ? ಸೋಮವಾರ ನನ್ನ ಜೊತೆ ಏಣಿ ಹಿಡಿಯುವವರು ಯಾರು?

ಉತ್ತರಕ್ಕಾಗಿ ಮುಂದಿನ ಸಾಲಿನಲ್ಲೇ ಕೂತಿರುವ,
ನಿನ್ನ ಅಕ್ಕ
ನಜ್ಲಾ

ಮರೆತಿದ್ದೆ: ಹಾಲ್ವರ್ ಅವರು ಜೆರುಸಲೇಮಿನ ಆಸ್ಪತ್ರೆಯಲ್ಲಿದ್ದಾರೆಂದು ಊರೆಲ್ಲ ಮೇಣದಬತ್ತಿ ಹಚ್ಚುತ್ತಿದೆ. ಅವರು ಇರುವುದು ನನ್ನ ಹಿಂದಿನ ಕೋಣೆಯಲ್ಲಿ. ಅರ್ಧ ದಾರಿಯಲ್ಲೇ ಕಾರು ತಿರುಗಿಸಿ ಬಂದು, "ನಾನು ಬಂದ ಕೆಲಸ ಆಗಿಲ್ಲ," ಎಂದು ಬಾಗಿಲು ತಟ್ಟಿದರು. ಮೊಸರು, ಒಣ ರೊಟ್ಟಿ ತಿಂದು ಚೇತರಿಸಿಕೊಂಡಿದ್ದಾರೆ. ಸೋಮವಾರ ಗೇಟು ತೆರೆಯುವ ಮುಂಚೆಯೇ ನೇರಳೆ ನಿಲುವಂಗಿ ಹಾಕಿಕೊಂಡು ನನ್ನ ಜೊತೆ ಹೊರಡುತ್ತಾರೆ. ಅಲ್ಲಿಯವರೆಗೆ ಯಾರಿಗೂ ಹೇಳಬೇಡ, ನಿನ್ನ ಹೆಂಡತಿಗಂತೂ ಬೇಡವೇ ಬೇಡ. ಒಂದೇ ಒಂದು ತಟ್ಟೆ ನನ್ನ ಹೊಸಿಲು ತುಳಿದರೂ ನೀನು ನನ್ನ ತಮ್ಮನಲ್ಲ.