ಬೇಗದ ಚೀಟಿ, ತಡದ ಚೀಟಿ

ಮೇಲ್ಗಾಳಿ ಬಡಾವಣೆ, ಚಿತ್ರದುರ್ಗ
ಹೊಸ ಲೆಕ್ಕದ ಎಪ್ಪತ್ತೊಂದನೆಯ ವರ್ಷ, ಎರಡನೆಯ ಬೇಸಿಗೆ
ಗಾಳಿತಿಂಗಳ ಮೂವತ್ತೊಂಬತ್ತನೆಯ ದಿನ

ನಮ್ಮ ಮುತ್ತಜ್ಜನ ಮುತ್ತಜ್ಜಂದಿರ ಕಾಲದಲ್ಲಿ ಬದುಕುತ್ತಿರುವವರೇ,

ತಾರೀಖು ನೋಡಿ ನಗಬೇಡಿ. ವರ್ಷಕ್ಕೆ ಎರಡು ಬೇಸಿಗೆ ಬರತೊಡಗಿದ ಮೇಲೆ ನಮ್ಮ ಹಿರಿಯರು ತಿಂಗಳುಗಳನ್ನೂ ಹೊಸದಾಗಿ ಅಳೆದುಕೊಳ್ಳಬೇಕಾಯಿತು. ನಮ್ಮ ಗಾಳಿತಿಂಗಳಿಗೆ ನಲವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕೇಳಿ ಕಲಿತವನು. ಎಲ್ಲಿಯಾದರೂ ನಮ್ಮ ಕಾಲದ ಪದ ನುಸುಳಿದರೆ ಅಲ್ಲೇ ಬಿಡಿಸಿ ಹೇಳುತ್ತೇನೆ.

ನನ್ನ ಹೆಸರು ಓಬಳೇಶ. ಗಾಳಿಯಿಂದ ವಿದ್ಯುತ್ ತೆಗೆಯುವ ಗಾಳಿಕಂಬಗಳ ರೆಕ್ಕೆ ರಿಪೇರಿ ಮಾಡುತ್ತಿದ್ದವನು, ಈಗ ಎಪ್ಪತ್ತು ದಾಟಿ ಮನೆಯಲ್ಲಿದ್ದೇನೆ. ನಿಮ್ಮ ಕಾಲದಲ್ಲೂ ಬೇರೆ ದೇಶದವರನ್ನು ಪ್ರೀತಿಸಿ, ಮದುವೆ ಎಲ್ಲಿ ಆಗೋಣ, ಯಾವ ವೀಸಾಕ್ಕೆ ಅರ್ಜಿ ಹಾಕೋಣ ಎಂದು ತಲೆಕೆಡಿಸಿಕೊಂಡು ಕುಳಿತವರು ಇರುತ್ತಾರೆಂದು ಬಲ್ಲೆ. ಈ ಪತ್ರ ಅವರಿಗೆ. ಉಳಿದವರು ಓದಿದರೂ ಅಡ್ಡಿಯಿಲ್ಲ.

ನನಗೆ ಇಪ್ಪತ್ತೊಂಬತ್ತಾಗಿದ್ದಾಗ ನಮ್ಮ ತಂಡವನ್ನು ಜಾರ್ಜಿಯಾ ದೇಶದ ಬತೂಮಿಗೆ ಕಳಿಸಿದರು. ಕಪ್ಪು ಸಮುದ್ರ ಏರಿ ಆ ಊರಿನ ಅರ್ಧವನ್ನು ತೆಗೆದುಕೊಂಡಿತ್ತು, ಜನ ಗುಡ್ಡಗಳ ಮೇಲೆ ಹೊಸ ಮನೆ ಕಟ್ಟಿಕೊಂಡಿದ್ದರು. ಆ ಗುಡ್ಡಗಳಲ್ಲಿ ಗಾಳಿಕಂಬ ನಿಲ್ಲಿಸುವುದು ನಮ್ಮ ಕೆಲಸ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ರೆಕ್ಕೆಯ ತುದಿಯವರೆಗೆ ಇಳಿಯುವವರಿಗೆ ಜೊತೆಗೊಬ್ಬರು ಇರಲೇಬೇಕು. ನನ್ನ ಜೊತೆಗೆ ಹಾಕಿದ್ದು ಅಲ್ಲಿಯವಳೇ ಆದ ಮಕ್ವಾಲಾಳನ್ನು. ಮುಳ್ಳುಪೊದೆಯಲ್ಲಿ ಬಿಡುವ ಒಂದು ಕಪ್ಪು ಹಣ್ಣಿನ ಹೆಸರು ಅದು. ಮೊದಲ ವಾರವೆಲ್ಲ ನಾವು ಕೈಸನ್ನೆಯಲ್ಲೇ ಮಾತಾಡಿದೆವು. ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿರುವ ಕೆಲಸದಲ್ಲಿ ನಂಬಿಕೆ ಮೊದಲು ಬಂತು, ಭಾಷೆ ಆಮೇಲೆ ಬಂತು, ಪ್ರೀತಿ ಯಾವಾಗ ಬಂತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಅವಳಿಗೆ ತಾಯಿ ಇರಲಿಲ್ಲ. ತಂದೆ ಗುರಾಮ್ ಜೇನು ಸಾಕುತ್ತಿದ್ದರು. ಅವರ ಭಾಷೆಯಲ್ಲಿ ತಂದೆಗೆ ‘ಮಾಮ’ ಎನ್ನುತ್ತಾರೆ. ಅವಳು ಮಾಮ, ಮಾಮ ಎಂದು ಕರೆಯುವುದನ್ನು ಕೇಳಿ, ಸೋದರಮಾವನ ಮನೆಯಲ್ಲಿ ಬೆಳೆದವಳಿರಬೇಕು ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ. ನಿಜ ತಿಳಿದ ದಿನ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮದುವೆಯಾದರೆ ನನಗೂ ಅವರು ಮಾವನೇ ಆಗುತ್ತಾರಲ್ಲ ಎಂದು ನಾನೂ ಹಾಗೇ ಕರೆಯತೊಡಗಿದೆ.

ಕೆಲಸ ಮುಗಿಯುತ್ತ ಬಂದಾಗ ದಾರಿ ಆರಿಸಬೇಕಾಯಿತು. ಅವರ ದೇಶದಲ್ಲಿ ನೆಲೆಸುವ ಮಾತೇ ಇರಲಿಲ್ಲ. ಕಡಲು ನುಂಗಿದ ಊರುಗಳವರಿಗೇ ಅಲ್ಲಿ ಜಾಗ ಸಾಲದು, ಹೊರಗಿನವರಿಗೆ ವರ್ಷಕ್ಕೊಂದು ತಿಂಗಳು ಅತಿಥಿಯಾಗಿರಲು ಮಾತ್ರ ಬಿಡುತ್ತಿದ್ದರು. ನಮ್ಮ ದೇಶಕ್ಕೆ ಬರುವವರ ವಿಚಾರ ನೋಡಿಕೊಳ್ಳುವ ಕಚೇರಿಗೆ ನಾವು ಗಡಿಮನೆ ಎನ್ನುತ್ತೇವೆ. ಗಡಿಮನೆ ಕೊಡುತ್ತಿದ್ದದ್ದು ಎರಡು ಬಗೆಯ ಪರವಾನಗಿ. ಮದುವೆಗೆ ಮೊದಲೇ ಬಂದು, ಬಂದ ಮೂರು ತಿಂಗಳೊಳಗೆ ಇಲ್ಲಿ ಮದುವೆಯಾಗುವುದು ಒಂದು. ಅದು ಬೇಗ ಸಿಗುತ್ತಿತ್ತು, ಜನ ಅದಕ್ಕೆ ಬೇಗದ ಚೀಟಿ ಎನ್ನುತ್ತಿದ್ದರು. ಆದರೆ ಹಾಗೆ ಬಂದವರು ಕಾಯಂ ವಾಸದ ಹಕ್ಕು ಕೈಗೆ ಬರುವವರೆಗೆ ಸಂಬಳದ ಕೆಲಸ ಮಾಡುವಂತಿಲ್ಲ, ದೇಶದ ಹೊರಗೆ ಕಾಲಿಡುವಂತಿಲ್ಲ. ಕಾಲಿಟ್ಟರೆ ಅರ್ಜಿ ಸತ್ತಂತೆ, ಏಳು ವರ್ಷ ಹೊಸ ಅರ್ಜಿಯನ್ನೂ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ತಡದ ಚೀಟಿ. ಅಲ್ಲೇ ಮದುವೆಯಾಗಿ, ಗಂಡ ಇಲ್ಲಿ ಹೆಂಡತಿ ಅಲ್ಲಿ ಎಂದು ಎರಡು ಮೂರು ವರ್ಷ ಕಾಯಬೇಕು. ಬಂದ ದಿನವೇ ಪೂರ್ತಿ ಹಕ್ಕು. ಬೇಕಾದಾಗ ಹೋಗಬಹುದು, ಬರಬಹುದು.

ಮಾಮ ನಮ್ಮಿಬ್ಬರನ್ನೂ ಜೇನುಪೆಟ್ಟಿಗೆಗಳ ಹತ್ತಿರ ಕೂರಿಸಿಕೊಂಡು ಕೇಳಿದರು: “ಮೂರು ವರ್ಷ ನೀವು ದೂರ ಇರಬಲ್ಲಿರಾ?”

ನಾವು ಮುಖ ಮುಖ ನೋಡಿಕೊಂಡೆವು.

“ಇರಲಾರಿರಿ. ನಿಮ್ಮ ಮುಖದಲ್ಲೇ ಕಾಣುತ್ತದೆ. ಬೇಗದ್ದನ್ನೇ ತೆಗೆದುಕೊಳ್ಳಿ. ನಾನು ಗಟ್ಟಿ ಇದ್ದೇನೆ. ಒಂದು ವರ್ಷದಲ್ಲಿ ಹಕ್ಕು ಸಿಕ್ಕಮೇಲೆ ಇಬ್ಬರೂ ಬನ್ನಿ.”

ಹಾಗೇ ಆಯಿತು. ಮಕ್ವಾಲಾ ರೈಲು ಹಡಗು ಹತ್ತಿಳಿದು ಚಿತ್ರದುರ್ಗಕ್ಕೆ ಬಂದಳು. ನನಗೆ ಹಿಂದೆ ಮುಂದೆ ಇದ್ದವಳು ಅಕ್ಕ ಬಸಕ್ಕ ಒಬ್ಬಳೇ. ಅವಳೇ ನಿಂತು ಮದುವೆ ಮಾಡಿಸಿದಳು. ಮಕ್ವಾಲಾ ಎನ್ನಲು ಬಾಯಿ ತಿರುಗದೆ ಮಾಕವ್ವ ಎಂದಳು, ವಾರದೊಳಗೆ ನನ್ನ ಹೆಂಡತಿ ಬಡಾವಣೆಗೆಲ್ಲ ಮಾಕವ್ವ ಆದಳು. ಇಲ್ಲಿ ಮಧ್ಯಾಹ್ನದ ಬಿಸಿಲಿಗೆ ಯಾರೂ ಹೊರಗಿರುವುದಿಲ್ಲ. ಬೆಳಗಿನ ಕೆಲಸ ಮುಗಿಸಿ, ಸೂರ್ಯ ಇಳಿಯುವವರೆಗೆ ಮನೆಯ ಕೆಳಗೆ ಬಂಡೆ ಕೊರೆದು ಮಾಡಿದ ತಂಪುಕೋಣೆಯಲ್ಲಿರುತ್ತೇವೆ. ಇದಕ್ಕೆ ಮುಚ್ಚುಹೊತ್ತು ಎಂದು ಹೆಸರು. ಮುಚ್ಚುಹೊತ್ತಿನಲ್ಲಿ ಬಸಕ್ಕ ಅವಳಿಗೆ ಕನ್ನಡ ಕಲಿಸಿದಳು, ಮುದ್ದೆ ಕಟ್ಟಲು ಕಲಿಸಿದಳು. ಅವಳು ತಮ್ಮೂರಿನ ರೊಟ್ಟಿ ಮಾಡಿ ತೋರಿಸಿದಳು. ದೋಣಿಯಂತೆ ತಿದ್ದಿ, ನಡುವೆ ಗಿಣ್ಣು ತುಂಬಿ, ಮೇಲೊಂದು ಮೊಟ್ಟೆ ಒಡೆದು ಬೇಯಿಸುವ ರೊಟ್ಟಿ.

“ಇದೇನೇ ಮಾಕವ್ವ, ಹನಿ ನೀರಿಲ್ಲದ ಊರಾಗೆ ದೋಣಿ ಬಿಡಾಕೆ ಹೊಂಟೀಯ?” ಎಂದು ಬಸಕ್ಕ ನಕ್ಕು, ಎರಡು ತಿಂದಳು.

ಆದರೆ ಕೆಲಸವಿಲ್ಲದೆ ಕೂರುವುದು ಮಕ್ವಾಲಾಳಿಗೆ ಕಷ್ಟವಾಗುತ್ತಿತ್ತು. ನಾನು ಸಂಜೆ ಕಂಬಕ್ಕೆ ಹೊರಟಾಗ ಬಾಗಿಲವರೆಗೂ ಬಂದು ನನ್ನ ಹಗ್ಗದ ಗಂಟುಗಳನ್ನು ಒಂದೊಂದೇ ಎಳೆದು ನೋಡಿ ಕಳಿಸುತ್ತಿದ್ದಳು. ಹಕ್ಕಿನ ವಿಚಾರಣೆಗೆ ಗಡಿಮನೆಯವರು ಕೊಟ್ಟ ದಿನ ಮುಂದಕ್ಕೆ ಹೋಯಿತು. ಮತ್ತೆ ಹೋಯಿತು. ಒಂದು ವರ್ಷ ಅಂದದ್ದು ಒಂದೂವರೆಯಾಯಿತು.

ಆಗ ಬತೂಮಿಯಿಂದ ಸುದ್ದಿ ಬಂತು. ನಮ್ಮ ಮನೆಗಳಲ್ಲಿ ಗೋಡೆಗನ್ನಡಿ ಇರುತ್ತದೆ, ದೂರದವರು ಅದರಲ್ಲಿ ಆಳೆತ್ತರಕ್ಕೆ ಕಾಣಿಸಿ ಮಾತಾಡುತ್ತಾರೆ. ಅದರಲ್ಲಿ ಮಾಮನ ಪಕ್ಕದ ಮನೆಯ ನಾತೆಲಾ ಬಂದು ನಿಂತಳು. ಮಾಮನಿಗೆ ಒಂದು ಕಡೆಯ ಕೈಕಾಲು ಬಿದ್ದುಹೋಗಿದೆ, ಮಾತು ತೊದಲುತ್ತದೆ, ತಾನೇ ಗಂಜಿ ಕುಡಿಸುತ್ತಿದ್ದೇನೆ ಎಂದಳು. ಹಿಂದೆ ಹಾಸಿಗೆಯಲ್ಲಿ ಮಲಗಿದ್ದ ಮಾಮ ಒಳ್ಳೆಯ ಕೈಯನ್ನೆತ್ತಿ, ಬರಬೇಡ, ಬರಬೇಡ ಎಂದು ಆಡಿಸುತ್ತಲೇ ಇದ್ದರು.

ಮರುದಿನ ದಾವಣಗೆರೆಯಲ್ಲಿದ್ದ ಗಡಿಮನೆಗೆ ಹೋದೆವು. ಅಲ್ಲಿಯ ಗುಮಾಸ್ತೆ ನಡುವಯಸ್ಸಿನವರು, ಎಲ್ಲವನ್ನೂ ಸಾವಧಾನವಾಗಿ ಕೇಳಿದರು. ತುರ್ತಿಗೆಂದು ಹೋಗಿಬರುವ ಅಪ್ಪಣೆಯೊಂದಿತ್ತು. ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ನಾನು ಕೇಳಿದೆ.

“ಸುಳ್ಳು ಹೇಳಲ್ಲ ನಿಮಗೆ. ಕೆಲವರಿಗೆ ತಿಂಗಳಲ್ಲಿ ಬಂದಿದೆ. ಕೆಲವರಿಗೆ ಬರೋ ಹೊತ್ತಿಗೆ ಎಲ್ಲಾ ಮುಗಿದುಹೋಗಿತ್ತು,” ಎಂದರು. ಮಕ್ವಾಲಾಳ ಕಡೆ ತಿರುಗಿ, “ಹೋಗಬೇಡಿ ಅಂತ ಹೇಳೋಕೆ ನಾನ್ಯಾರಮ್ಮ? ಹೋದರೆ ಏಳು ವರ್ಷ. ಅದನ್ನ ಹೇಳೋದಷ್ಟೇ ನನ್ನ ಕೆಲಸ,” ಎಂದರು. ಹೇಳುವಾಗ ಅವರ ಕಣ್ಣು ಕೆಳಗಿತ್ತು.

ಅಪ್ಪಣೆಗೆ ಬರೆದು ಮನೆಗೆ ಬಂದೆವು. ಐದು ವಾರ ಕಳೆದರೂ ಉತ್ತರವಿಲ್ಲ. ಒಂದು ದಿನ ಮುಚ್ಚುಹೊತ್ತಿನಲ್ಲಿ, ಮೂವರೂ ತಂಪುಕೋಣೆಯಲ್ಲಿದ್ದಾಗ, ಮಕ್ವಾಲಾ ಎದ್ದು ಬಟ್ಟೆ ಮಡಿಸತೊಡಗಿದಳು.

“ಇನ್ನೊಂದು ವಾರ ನೋಡಾಣ,” ಎಂದೆ.

“ನಿನ್ನೆ ಮಾಮ ನನ್ನನ್ನ ನಾತೆಲಾ ಅಂತ ಕರೆದ್ರು,” ಎಂದಳು. “ಇನ್ನೊಂದು ವಾರಕ್ಕೆ ನನ್ನ ಹೆಸರೇ ಮರೆತುಬಿಡ್ತಾರೆ ಓಬಳೇಶ.”

“ಏಳು ವರ್ಷ ಮಕ್ವಾಲಾ.”

“ಗೊತ್ತೈತೆ. ನೀನು ಬ್ಯಾಡ ಅಂದ್ರೆ ನಾನು ಹೋಗಲ್ಲ. ಆದ್ರೆ ನೀನು ಬ್ಯಾಡ ಅನ್ನಬ್ಯಾಡ.”

ಬಸಕ್ಕ ಮೂಲೆಯಿಂದ ಎದ್ದು ಬಂದು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ತಾನೇ ಮಡಿಸಿದಳು. “ಹೆತ್ತ ಅಪ್ಪನ್ನ ನೋಡಾಕೆ ಹೋಗೋಳಿಗೆ ಇವ್ರೆಲ್ಲ ಏನು ಅಪ್ಪಣೆ ಕೊಡೋದು? ಹೋಗಿ ಬಾರೆ ಮಾಕವ್ವ. ಇವನನ್ನ ನಾನು ನೋಡ್ಕಂತೀನಿ,” ಎಂದಳು.

ಮಂಗಳೂರಿನ ಹಡಗುಕಟ್ಟೆಯವರೆಗೆ ಕಳಿಸಲು ಹೋದೆ. ಗಡಿ ಕಾವಲಿನವನು ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು, ಇಲ್ಲಿಂದ ದಾಟಿದರೆ ಏನಾಗುತ್ತದೆಂದು ತಿಳಿದಿದೆಯೇ ಎಂದು ಮೂರು ಸಲ ಕೇಳಿದ. ಮೂರು ಸಲವೂ ಅವಳು ಅಚ್ಚ ಚಿತ್ರದುರ್ಗದ ಕನ್ನಡದಲ್ಲಿ “ತಿಳಿದೈತೆ” ಎಂದಳು.

ಮಾಮ ತೀರಿಕೊಳ್ಳಬಹುದೆಂದು ಅವಳು ಹೋದದ್ದು. ಆದರೆ ಮಗಳ ಕೈಯ ಊಟ ತಿಂದು ಅವರು ಚೇತರಿಸಿಕೊಂಡರು. ಕೋಲು ಹಿಡಿದು ಜೇನುಪೆಟ್ಟಿಗೆಗಳವರೆಗೆ ನಡೆಯುವಂತಾದರು, ಇನ್ನೂ ಮೂರು ವರ್ಷ ಬದುಕಿದರು. ಆ ಮೂರು ವರ್ಷ ಅವಳು ಕೊಟ್ಟದ್ದು ಎಂದು ಆಗಲೂ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ. ನಾನು ವರ್ಷಕ್ಕೊಂದು ತಿಂಗಳು ಅತಿಥಿಯಾಗಿ ಹೋಗುತ್ತಿದ್ದೆ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಮೂರನೆಯ ದೇಶ ಯಾವುದಾದರೂ ಇದೆಯೇ ಎಂದು ಹುಡುಕಿದೆವು, ಸಿಗಲಿಲ್ಲ. ಉಳಿದ ದಿನಗಳಲ್ಲಿ ಅವಳು ಗೋಡೆಗನ್ನಡಿಯಲ್ಲಿ ನಿಲ್ಲುತ್ತಿದ್ದಳು. ಆಳೆತ್ತರಕ್ಕೆ ಕಾಣುವವರನ್ನು ಮುಟ್ಟಲು ಹೋದರೆ ಕೈಗೆ ತಣ್ಣನೆಯ ಗಾಜು ಸಿಗುತ್ತದೆ. ಅಕ್ಕ ಇಲ್ಲದ ಹೊತ್ತು ನೋಡಿ ನಾನು ಆ ಗಾಜಿಗೆ ಕೆನ್ನೆ ಒತ್ತಿ ನಿಂತದ್ದುಂಟು.

ಮಾಮ ಹೋದ ಮರುವರ್ಷ ನಾನು ಅಲ್ಲಿದ್ದು ಬಂದ ಮೇಲೆ ಅವಳು ಬಸುರಿಯೆಂದು ತಿಳಿಯಿತು. ಬಸಕ್ಕ ಹಳೆಯ ಸೀರೆಗಳನ್ನೆಲ್ಲ ತೆಗೆದು ಕೌದಿ ಹೊಲಿಯಲು ಕೂತಳು. ಆರನೆಯ ತಿಂಗಳಲ್ಲಿ ಮಕ್ವಾಲಾಳಿಗೆ ರಕ್ತಸ್ರಾವ ಶುರುವಾಯಿತು. ಆ ವರ್ಷದ ನನ್ನ ಅತಿಥಿ ತಿಂಗಳು ಮುಗಿದುಹೋಗಿತ್ತು. ಅವರ ದೇಶದ ಗಡಿಯವರಿಗೆ ಬರೆದೆ, ಮೇಲಿನವರಿಗೆ ಬರೆದೆ. ಅವಳಿಗಾದರೂ ಕಾನೂನು ಮೀರಿ ಹೊರಗೆ ಕಾಲಿಡುವ ದಾರಿಯಿತ್ತು. ಒಳಗೆ ಬಿಡದ ಗಡಿಯನ್ನು ನಾನು ಹೇಗೆ ಮೀರಲಿ? ಹಡಗುಕಟ್ಟೆಯವರೆಗೆ ಹೋದೆ, ಟಿಕೆಟ್ ಕೊಡದೆ ವಾಪಸು ಕಳಿಸಿದರು. ಹೆಣ್ಣು ಮಗು. ಹುಟ್ಟಿ ಒಂದು ಹಗಲು ಇತ್ತು. ಕನ್ನಡಿಯಲ್ಲಿ ನಾತೆಲಾ ಅದನ್ನು ನನ್ನ ಕಡೆಗೆ ಎತ್ತಿ ಹಿಡಿದಳು. ನನ್ನ ಪಾಲಿಗೆ ಬಂದದ್ದು ಅಷ್ಟೇ. ಹೊಸ ವರ್ಷದ ತಿಂಗಳು ತೆರೆದ ದಿನ ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಾಮನ ಪಕ್ಕದ ಮಣ್ಣಿನ ಮೇಲೆ ಹುಲ್ಲು ಬೆಳೆದಿತ್ತು. ಮಕ್ವಾಲಾ ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು, “ನಿನ್ನ ಹಣೆ ಇತ್ತು ಅದಕ್ಕೆ,” ಎಂದಳು. ಅಲ್ಲಿಯೇ ಕೂತು ನಾನು ಇಬ್ಬರ ಅಳುವನ್ನೂ ಅತ್ತೆ.

ಏಳು ವರ್ಷ ತುಂಬಿದ ಮೇಲೆ ತಡದ ಚೀಟಿಗೆ ಬರೆದೆವು. ಅದು ಬಂದಾಗ ಇಬ್ಬರೂ ನಲವತ್ತು ದಾಟಿದ್ದೆವು. ಅವಳು ಬಂದಿಳಿದ ದಿನ ಅವಳನ್ನು ಮಾಕವ್ವ ಎಂದು ಕರೆಯಲು ಬಸಕ್ಕ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಮತ್ತೆ ಮಕ್ಕಳಾಗಲಿಲ್ಲ. ನಾವು ಅಸುಖಿಗಳಲ್ಲ. ಅವಳು ಕಂಬ ಹತ್ತಿ ಕೆಲಸ ಮಾಡಿದಳು, ಊರಿನ ಹುಡುಗಿಯರಿಗೆ ಹಗ್ಗದ ಕೆಲಸ ಕಲಿಸಿದಳು. ಆದರೆ ಮನೆಯಲ್ಲಿ ಯಾವಾಗಲೂ ಯಾರೋ ಬರಬೇಕಾದವರು ಬಂದಿಲ್ಲ ಎಂಬಂತಿರುತ್ತದೆ.

ಮೊದಲೇ ತಡದ ಚೀಟಿ ಹಿಡಿದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಮಾಮ ಬಿದ್ದಾಗ ಅವಳು ಅಲ್ಲೇ ಇರುತ್ತಿದ್ದಳು. ಆಮೇಲೆ ನಿರಾತಂಕವಾಗಿ ಬರುತ್ತಿದ್ದಳು. ಇರಬಹುದು. ಆದರೆ ಬಸಕ್ಕ ಅವಳ ಕೈಯ ರೊಟ್ಟಿ ತಿಂದು ನಕ್ಕ ಆ ಒಂದೂವರೆ ವರ್ಷವನ್ನು ವಾಪಸು ಕೊಟ್ಟುಬಿಡು ಎಂದು ಯಾರಾದರೂ ಕೇಳಿದರೆ ನಾನು ಕೊಡಲಾರೆ. ಹಾಗಾಗಿ ಇದೇ ಸರಿ, ಅದೇ ಸರಿ ಎಂದು ನಿಮಗೆ ಹೇಳಲು ನನಗೆ ಆಗುವುದಿಲ್ಲ. ಒಂದನ್ನು ಬೇಡಿಕೊಳ್ಳುತ್ತೇನೆ. ಪರವಾನಗಿ ಆರಿಸುವಾಗ ಎಷ್ಟು ಬೇಗ ಒಂದಾಗುತ್ತೇವೆ ಎಂದಷ್ಟೇ ಕೇಳಿಕೊಳ್ಳಬೇಡಿ. ಕಾಯುವ ಆ ದಿನಗಳಲ್ಲಿ ಅತ್ತ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಹೋಗಲು ಆಗುತ್ತದೆಯೇ, ಹೋದರೆ ಬರಲು ಆಗುತ್ತದೆಯೇ ಎಂದು ಕೇಳಿ. ಬಲ್ಲವರನ್ನು ಕೇಳಿ, ಇಬ್ಬರೂ ಕೂತು ಕೇಳಿ. ಇಂಥ ಕಾನೂನು ಬರೆಯುವ ಕೈ ನಿಮ್ಮಲ್ಲಿ ಯಾರದ್ದಾದರೂ ಆಗಿದ್ದರೆ, ಸಾವಿಗೂ ಹುಟ್ಟಿಗೂ ಹೋಗಿಬರಲು ಒಂದಿಷ್ಟು ಜಾಗ ಬಿಟ್ಟು ಬರೆಯಿರಿ.

ಪತ್ರಗಳನ್ನು ಮುಂದಿನವರಿಗೆ ಬರೆದಿಡುವುದು ನಮ್ಮ ಕಾಲದ ವಾಡಿಕೆ, ಮೊಮ್ಮಕ್ಕಳ ಮಕ್ಕಳು ತೆಗೆದು ಓದಲಿ ಎಂದು. ನಮಗೆ ಮುಂದೆ ಯಾರೂ ಇಲ್ಲ. ಅದಕ್ಕೇ ಹಿಂದಕ್ಕೆ ಬರೆದೆ.

ಇದನ್ನು ಬರೆಯುತ್ತಿರುವಾಗ ಮಕ್ವಾಲಾ ಕೆಳಗಿನಿಂದ ಹತ್ತಿ ಬಂದು, ಯಾರಿಗೆ ಎಂದು ಕೇಳಿದಳು. ಹೇಳಿದೆ. ನಿಂತೇ ಪೂರ್ತಿ ಓದಿದಳು. ಕನ್ನಡ ಓದುವಾಗ ಅವಳ ತುಟಿ ಇನ್ನೂ ಅಲುಗುತ್ತದೆ.

“ಎಲ್ಲಾ ಬರೆದೀಯ. ಒಂದು ಬಿಟ್ಟೀಯ,” ಎಂದಳು. “ಇದನ್ನ ಓದಿ ಅವ್ರು ಹೆದರ್ಕಂಡು ಬಿಟ್ಟುಬಿಡ್ತಾರೆ. ಮದುವೆ ಆಗ್ರಿ ಅಂತ ಬರಿ.”

ಬರೆದಿದ್ದೇನೆ. ಮದುವೆಯಾಗಿ. ಇಲ್ಲಿಂದ ನಾವಿಬ್ಬರೂ ನಿಮಗೆ ಕೈಮುಗಿಯುತ್ತೇವೆ.

ಓಬಳೇಶ