ಟ್ಯಾಬ್ ಮೇಲಿನ ಸಹಿ

ಅಪ್ಪಾ,

ದೊಡ್ಡ ಅಕ್ಷರದಲ್ಲೇ ಬರೆದಿದ್ದೇನೆ, ಆಪರೇಷನ್ ಆದ ಕಣ್ಣು ಕಿರಿದು ಮಾಡಬೇಡಿ.

ಟ್ಯಾಬ್ ಯಾಕೆ ಮುಟ್ಟಿದಿರಿ ಅಂತ ನಿನ್ನೆ ಕೇಳಿದರೆ "ಧೂಳಿತ್ತಮ್ಮಾ, ಒರೆಸ್ದೆ ಅಷ್ಟೆ" ಅಂದಿರಿ. ಎದುರಿಗಿದ್ದ ನೀರಿನ ಲೋಟ ಕಾಣದೆ ತಟ್ಟಿ ಬೀಳಿಸಿದವರಿಗೆ ಧೂಳು ಹೇಗೆ ಕಂಡಿತು? ಡಾಕ್ಟರು ಇನ್ನೂ ಹತ್ತು ದಿನ ಪರದೆ ನೋಡಬೇಡಿ ಅಂದಿದ್ದಾರೆ. ನೀವು ಕದ್ದು ಚೆಸ್ ಆಡಿ, ಬೆರಳಿನ ಗುರುತು ಅಳಿಸಿದ್ದೀರಿ ಅಂತ ನನ್ನ ಗುಮಾನಿ.

ಅದೂ ನಿಮ್ಮ ಗಡಿಯಾರ ರಿಪೇರಿಯ ಸ್ಪಿರಿಟ್ ಹಾಕಿ! ಇದು ಗಡಿಯಾರದ ಗಾಜಲ್ಲ. ಮೇಲಿನ ಲೇಪ ಎದ್ದು ಮೂಲೆಯಲ್ಲಿ ಬಿಳಿ ಕಲೆ ಕೂತಿದೆ. ಟ್ಯಾಬ್ ಒರೆಸುವ ಮೊದಲು ಆಫ್ ಮಾಡಬೇಕು. ಕನ್ನಡಕದ ಮೆತ್ತನೆ ಬಟ್ಟೆಯನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒತ್ತದೆ ಒರೆಸಬೇಕು. ಅದೂ ಹತ್ತು ದಿನ ಕಳೆದ ಮೇಲೆ.

ಕಣ್ಣಿಗೆ ಹನಿ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ. ಮರೆತರೆ ಜಗಳ.

ಟ್ಯಾಬ್ ಮೇಲೆ ಪೌಡರ್ ಉದುರಿಸಿ ಬೆರಳಲ್ಲಿ ನನ್ನ ಸಹಿ ಹಾಕಿಟ್ಟಿದ್ದೇನೆ. ಆಟ ಮುಗಿಸಿ ಮತ್ತೆ ಹಾಗೇ ಬರೆದಿಟ್ಟರಾಯಿತು ಅಂದುಕೊಂಡರೆ ನಿಮ್ಮ ಬೇಳೆ ಬೇಯುವುದಿಲ್ಲ. ಹೈಸ್ಕೂಲಿನ ಮೂರು ವರ್ಷವೂ ನನ್ನ ಮಾರ್ಕ್ಸ್ ಕಾರ್ಡಿಗೆ ನಿಮ್ಮ ಸಹಿ ಹಾಕಿದವಳು ನಾನೇ. ಕಳ್ಳ ಸಹಿ ಎಲ್ಲಿ ನಡುಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.